ಗಂಗೆ ತಿಕ್ಕಿಟ್ಟ ನಂಬರು

ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗೆ ಒಂದು ಹಳದಿ ತಗಡಿನ ಡಬ್ಬಿ ಇದೆ. ಅದರೊಳಗೆ ಕೂತು ಊರವರ ಗಾಡಿಯ ಹೊಗೆ ನೋಡುವವಳು ನಾನು, ಪರಿಮಳಾ. ಸೈಲೆನ್ಸರಿನ ಬಾಯಿಗೆ ನಳಿಗೆ ತುರುಕಿ, ಕಂಪ್ಯೂಟರು ಹೇಳಿದ್ದನ್ನು ಚೀಟಿ ಮಾಡಿ ಕೊಡುವುದು ನನ್ನ ಕೆಲಸ. ಪಕ್ಕದ ಕೋಣೆಯಲ್ಲಿ ನನ್ನ ಗಂಡ ಸುಜಯ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಆರ್‌ಟಿಓ ಆಫೀಸಿನ ಅರ್ಜಿ ತುಂಬಿಕೊಡುವುದೂ ನಮ್ಮಲ್ಲೇ. ಸುಜಯನದು ಮೆತ್ತಗಿನ ಮಾತು. ನನ್ನದು ಹಾಗಲ್ಲ. ಹೊಗೆ ಕುಡಿದು ಕುಡಿದು ನಿನ್ನ ಬಾಯಿ ಹೀಗಾಗಿದೆ ಎಂದು ಅವನು ಹೇಳುತ್ತಾನೆ; ಮದುವೆಗೆ ಮೊದಲೂ ಹೀಗೇ ಇತ್ತು ಎಂದು ನನ್ನ ಅಮ್ಮ ಹೇಳುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವಳೇ ನಾನು. ಅದರ ಅರ್ಥ ತಿಳಿದದ್ದು ಐವತ್ತರ ಹತ್ತಿರ, ಕೆರಿಯ ನಾಯ್ಕನ ದೆಸೆಯಿಂದ.

ಕೆರಿಯಣ್ಣ ಸಿದ್ದಾಪುರ ತಾಲೂಕಿನವನು. ಡಾಂಬರು ರಸ್ತೆಯಿಂದ ಎರಡು ಮೈಲಿ ಒಳಗೆ ಹೆಬ್ಬಳಕೇರಿ ಎಂಬ ಹತ್ತು ಮನೆಯ ಊರು. ಅವನ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಕಾನೂನು ಬಂದ ಮೇಲೆ ಸ್ವಂತದ್ದಾಗಿತ್ತು. ಆದರೆ ಕೆರಿಯಣ್ಣನಿಗೆ ಎತ್ತಿಗಿಂತ ಎಂಜಿನ್ನಿನ ಮೇಲೆ ಜೀವ. ಹದಿನೇಳು ವರ್ಷಕ್ಕೇ ಒಬ್ಬ ಮಾಲೀಕರ ಜೀಪು ತೊಳೆಯಲು ಸೇರಿದ, ಇಪ್ಪತ್ತೊಂದಕ್ಕೆ ಅದೇ ಜೀಪಿನ ಡ್ರೈವರಾದ. ಆಮೇಲಿನ ಇಪ್ಪತ್ತೈದು ವರ್ಷ ಕೂತದ್ದೆಲ್ಲ ಬೇರೆಯವರ ಗಾಡಿಯಲ್ಲೇ.

ಆ ಜೀಪಿನ ಕಾಲದಲ್ಲಿ ನಡೆದದ್ದನ್ನು ಅವನು ಎಲ್ಲರಿಗೂ ಹೇಳುವುದಿಲ್ಲ. ನನಗೆ ಹೇಳಿದ್ದ. ಜೀಪಿನ ವಿಮೆ ಮುಗಿದು ವಾರವಾಗಿತ್ತು. ನಾಳೆ ಕಟ್ಟುತ್ತೇನೆ, ಇವತ್ತೊಂದು ದಿನ ಹೋಗಿ ಬಾ ಎಂದು ಮಾಲೀಕರು ಕಳಿಸಿದರು. ಬನವಾಸಿ ದಾರಿಯ ತಿರುವಿನಲ್ಲಿ ಸೈಕಲ್ಲಿನ ಮೇಲೆ ಕಂಬಳಿ ಹೇರಿಕೊಂಡು ಬರುತ್ತಿದ್ದ ಚಂದ್ರಶೇಖರಪ್ಪ ಎಂಬವರಿಗೆ ಜೀಪು ತಾಗಿತು. ಎಡಗಾಲು ಮಂಡಿಯಿಂದ ಕೆಳಗೆ ಹೋಯಿತು. ಕೇಸು ಏಳು ವರ್ಷ ನಡೆಯಿತು. ಮಾಲೀಕರು ಆಸ್ತಿಯನ್ನೆಲ್ಲ ಅವರಿವರ ಹೆಸರಿಗೆ ಮಾಡಿ ಕೈ ತೊಳೆದುಕೊಂಡರು. ಕೋರ್ಟಿನ ಮೆಟ್ಟಿಲ ಮೇಲೆ ಒಂದು ದಿನ ಚಂದ್ರಶೇಖರಪ್ಪ ಕೆರಿಯಣ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರಂತೆ:

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ತಮ್ಮಾ. ಕಾಗದ ಇದ್ದಿದ್ರ ನನ್ನ ಕಾಲೇನು ಬರ್ತಿದ್ದಿಲ್ಲ. ಮಕ್ಕಳಿಗೆ ಅನ್ನ ಬರ್ತಿತ್ತು."

ಬೈದಿದ್ದರೆ ಮರೆತುಬಿಡುತ್ತಿದ್ದೆ ಎಂದು ಕೆರಿಯಣ್ಣ ಹೇಳುತ್ತಿದ್ದ. ಕಾಗದ ಸರಿ ಇಲ್ಲದ ಗಾಡಿಯ ಕೀಲಿ ಮುಟ್ಟುವುದಿಲ್ಲ ಎಂದು ಅಂದೇ ಅವರಿಗೆ ಮಾತು ಕೊಟ್ಟವನು ಮತ್ತೆಂದೂ ಮುಟ್ಟಲಿಲ್ಲ. ಮದುವೆ ದಿಬ್ಬಣ ಗಾಡಿಯಲ್ಲಿ ಕೂತು ಕಾಯುತ್ತಿದ್ದರೂ ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದೊಂದೇ ಕಾಗದದ ತಾರೀಕು ಓದಿಯೇ ಹೊರಡುವುದು. ಗಂಗೆಯನ್ನು ಕಟ್ಟಿಕೊಳ್ಳುವಾಗಲೂ ವಿಮೆ ಎಲ್ಲಿಯವರೆಗಿದೆ ಎಂದು ಕೇಳಿದನಂತೆ ಎಂದು ಊರವರು ಕಾಡಿಸುತ್ತಿದ್ದರು.

ಗಂಗೆ ಯಲ್ಲಾಪುರ ತಾಲೂಕಿನ ಮಾಗೋಡು ಕಡೆಯವಳು. ಹುಟ್ಟಿದ ವರ್ಷವೇ ತಾಯಿ ತೀರಿಕೊಂಡು, ಅಕ್ಕ ವೆಂಕಮ್ಮನ ಸೊಂಟದ ಮೇಲೆ ಬೆಳೆದವಳು. ಅಕ್ಕ ಮದುವೆಯಾಗಿ ಅದೇ ಊರಿನಲ್ಲಿ ಉಳಿದಳು, ತಂಗಿ ಇಷ್ಟು ದೂರ ಬಂದಳು. ಬಸ್ಸು ಮೂರು ಕಡೆ ಬದಲಿಸಿ ಹೋಗಿಬರುವುದೆಂದರೆ ಎರಡು ದಿನದ ಕೆಲಸ. ಹಾಗಾಗಿ ಎರಡು ಸಾವಿರದ ಐದರಲ್ಲಿ, ಬನವಾಸಿ ಬದಿಯಲ್ಲಿ ಪಾಲಿಗೆ ಮಾಡಿದ್ದ ಶುಂಠಿ ಕೈಹಿಡಿದ ವರ್ಷ, ಕೆರಿಯಣ್ಣ ಮೊದಲು ಮಾಡಿದ ಕೆಲಸ ಬಿಳಿ ಬಣ್ಣದ ಒಂದು ಮಾರುತಿ ಎಂಟ್ನೂರು ತಂದದ್ದು. ಮನೆಗೆ ಹೆಂಚು ಹೊದೆಸುವುದನ್ನು ಆಮೇಲೆ ನೋಡಿಕೊಂಡ. ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಂದು ಬುಧವಾರ ಗಂಡ ಹೆಂಡತಿ ಶಿರಸಿಯ ಮೇಲೆ ಹಾದು ವೆಂಕಮ್ಮನ ಮನೆಗೆ ಹೋಗುತ್ತಿದ್ದರು. ನನ್ನ ಡಬ್ಬಿಯ ಎದುರು ಎರಡು ಸಲ ಹಾರ್ನ್ ಆಗುತ್ತಿತ್ತು. ನಾನು ಕೈ ಎತ್ತುತ್ತಿದ್ದೆ.

ಗಂಗೆಯ ಕೈ ಅಂದರೆ ಕೈ. ಅವರ ಕೇರಿಗಳಲ್ಲಿ ಮದುವೆಯಾದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಲು ಅವಳೇ ಬರಬೇಕು. ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಕೆಮ್ಮಣ್ಣಿನ ಮೇಲೆ ಒಂದು ಗೆರೆ ಎಳೆದರೆ ನೂಲಿನಷ್ಟು ಸಪೂರ, ಎಲ್ಲಿಯೂ ನಡುಗದು. ಗೆರೆ ಮಸುಕಾದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿದವಳು. ಕಾರು ಮನೆಗೆ ಬಂದ ಮೇಲೆ ಅದರ ಪೂಜೆಯೂ ಅವಳದೇ. ಬಾನೆಟ್ಟಿನ ಒಳಗೆ, ಎಂಜಿನ್ನಿನ ಹಿಂದಿನ ತಗಡಿನಲ್ಲಿ ಕೊರೆದ ಚಾಸಿ ನಂಬರು ಇರುತ್ತದಲ್ಲ, ಗಾಡಿಯ ಗುರುತು ಅದೊಂದೇ ಎಂದು ಗಂಡ ಹೇಳಿದ್ದ. ಹಾಗಾದರೆ ಜೀವ ಇರುವುದು ಅಲ್ಲೇ ಎಂದು ಅವಳು ತಿಳಿದಳು. ದೀಪಾವಳಿಗೆ ಉಳಿದವರು ಚಕ್ರಕ್ಕೂ ಸ್ಟೇರಿಂಗಿಗೂ ಕುಂಕುಮ ಇಟ್ಟರೆ ಗಂಗೆ ಎಣ್ಣೆ, ಅರಿಶಿನ, ಕುಂಕುಮ ಎಲ್ಲವನ್ನೂ ಆ ನಂಬರಿಗೆ ಹಚ್ಚುತ್ತಿದ್ದಳು.

ಹದಿನೈದು ವರ್ಷವಾದ ಕಾರಿಗೆ ನೋಂದಣಿ ಹೊಸದು ಮಾಡಿಸಬೇಕು. ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಇಬ್ಬರೂ ನಮ್ಮಲ್ಲಿಗೆ ಬಂದರು. ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿ, ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕು. ಸುಜಯ ಊರಲ್ಲಿರಲಿಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಬಾನೆಟ್ ಎತ್ತಿದರೆ ಹದಿನೈದು ದೀಪಾವಳಿಯ ಎಣ್ಣೆ ಕುಂಕುಮ ಅಲ್ಲಿ ಬೆರಳುದಪ್ಪ ಕೂತಿದೆ. ಹೊರಗೆ ಆರು ಗಾಡಿ ಸಾಲು ನಿಂತಿವೆ. ನನ್ನ ಹೊಸ ಚೂಡಿದಾರದ ತೋಳಿಗೆ ಜಿಡ್ಡು ಹತ್ತಿತು. ನಾನು ಗಂಗೆಯ ಕಡೆ ತಿರುಗಿ, ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದೆ:

"ಎಂತ ಮಾರಾಯ್ತಿ, ಇಷ್ಟು ಗಲೀಜು ಇಟ್ಕಳ್ಳೂದಾ? ದಿನಾ ತಿಕ್ಕಿ ಇಡು. ನಾಳೆ ನಂಬರ್ ಕಾಣದಿದ್ರೆ ಕಾರೇ ಇಲ್ಲ ನಿಂಗೆ."

ಗಂಗೆ ಸೆರಗಿನಿಂದ ನನ್ನ ತೋಳು ಒರೆಸಲು ಬಂದಳು. ಬೇಡ ಎಂದು ಕೈ ಎಳೆದುಕೊಂಡೆ. ಸೀಮೆಎಣ್ಣೆ ಹಾಕಿ ಒರೆಸಿ ಅಚ್ಚು ತೆಗೆದೆವು, ಐದು ವರ್ಷಕ್ಕೆ ನೋಂದಣಿ ಸಿಕ್ಕಿತು. ಸಂಜೆಯ ಹೊತ್ತಿಗೆ ನಾನು ಆಡಿದ ಮಾತು ನನಗೇ ಮರೆತುಹೋಯಿತು.

ಎರಡು ವರ್ಷ ಕಳೆದ ಮೇಲೆ ಗಂಗೆಯ ನೆನಪು ಸೋರತೊಡಗಿತು. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಒಂದು ಮದುವೆ ಮನೆಯಲ್ಲಿ ಅರ್ಧ ಚಿತ್ತಾರ ಬರೆದು ಕುಂಚ ಹಿಡಿದು ನಿಂತುಬಿಟ್ಟಳು. ಮುಂದಿನ ಗೆರೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಅದೇ ಕೊನೆ, ಮತ್ತೆ ಕುಂಚ ಮುಟ್ಟಲಿಲ್ಲ. ಹಾವೇರಿ ಕಡೆಗೆ ಕೊಟ್ಟ ಮಗಳು ಮಮತಾ ಬಂದರೆ ನೀನು ಯಾರ ಪೈಕಿ ಎಂದು ಕೇಳಿದಳು. ಮಗಳು ಹಿತ್ತಿಲಿಗೆ ಹೋಗಿ ಅತ್ತಳು. ಕೆರಿಯಣ್ಣನನ್ನು ಕೆಲವು ದಿನ ಗಂಡನೆನ್ನುತ್ತಾಳೆ, ಕೆಲವು ದಿನ ಡ್ರೈವರ್ ಎನ್ನುತ್ತಾಳೆ. ಡ್ರೈವರ್ ಅನ್ನೂದೂ ಸುಳ್ಳಲ್ಲ ಬಿಡಿ ಎಂದು ಅವನು ನನ್ನೆದುರು ನಕ್ಕಿದ್ದ. 

ಎರಡು ವಿಷಯ ಮಾತ್ರ ಅವಳಲ್ಲಿ ಉಳಿದವು. ಒಂದು, ಅಕ್ಕ ವೆಂಕಮ್ಮ. ಇನ್ನೊಂದು, ಬೆಳಿಗ್ಗೆ ಎದ್ದು ಒಲೆಯ ಬೂದಿ, ವಾಟೆಹುಳಿ, ತೆಂಗಿನ ಜುಂಗು ಹಿಡಿದು ಬಾನೆಟ್ ಎತ್ತಿಸಿ, ತಾಮ್ರದ ಹಂಡೆ ಬೆಳಗುವ ಹಾಗೆ ಆ ನಂಬರನ್ನು ತಿಕ್ಕುವುದು. ತಿಕ್ಕಿ ಮುಗಿದ ಮೇಲೆ ಕಾಣ್ತದಾ ಎಂದು ಕೇಳುತ್ತಾಳೆ. ಕೆರಿಯಣ್ಣ ನಂಬರನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹೇಳಿದರೆ ಆ ದಿನವೆಲ್ಲ ಸಮಾಧಾನ, ಉಣ್ಣುತ್ತಾಳೆ, ಮಲಗುತ್ತಾಳೆ. ಬುಧವಾರವಾದರೆ ಗಂಟು ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಅಕ್ಕನ ಮನೆಯ ಅಂಗಳದಲ್ಲಿ ಇಳಿದರೆ ಅವಳು ಬೇರೆಯೇ ಹೆಂಗಸು. ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಚಿಕ್ಕಂದಿನ ಮಾತೆಲ್ಲ ಸರಿಯಾಗಿ ಆಡುತ್ತಾಳಂತೆ. ವೆಂಕಮ್ಮ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ತಂಗಿಯೇ ಹೋಗಬೇಕು, ಆ ಕಾರೇ ಬೇಕು. ಬೇರೆ ಗಾಡಿ ಗಂಗೆ ಹತ್ತುವುದಿಲ್ಲ.

ಎರಡನೆಯ ಸಲದ ನೋಂದಣಿಗೆ ಈ ವರ್ಷ ಜನವರಿಯಲ್ಲಿ ಕೆರಿಯಣ್ಣ ಒಬ್ಬನೇ ಕಾರು ತಂದ. ಹೊಗೆ ಫೇಲಾಯಿತು. ಇಪ್ಪತ್ತು ವರ್ಷದ ಎಂಜಿನ್ನು, ಮಿತಿಯ ಒಂದೂವರೆ ಪಟ್ಟು ಹೊಗೆ. ಪ್ಲಗ್ಗು, ಫಿಲ್ಟರು, ಸೈಲೆನ್ಸರು ಬದಲಿಸಿ ವಾರ ಬಿಟ್ಟು ತಂದ, ಪಾಸಾಯಿತು. ಆಗ ಬಾನೆಟ್ ಎತ್ತಿ ನೋಡಿದೆ. ತಗಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ನಂಬರು ಮಾತ್ರ ಸವೆದು ಸವೆದು ಇದೆಯೋ ಇಲ್ಲವೋ ಎಂಬಷ್ಟು ಉಳಿದಿತ್ತು. ಹುಳಿಗೆ ಬಣ್ಣ ಹೋಗಿ, ಮಳೆಗಾಲದ ತೇವಕ್ಕೆ ತುಕ್ಕು ಬಂದು, ತುಕ್ಕನ್ನು ಬೂದಿ ತಿಂದು, ಐದು ವರ್ಷ ಹೀಗೇ ನಡೆದಿದೆ. ಓರೆಯಾಗಿ ಟಾರ್ಚ್ ಹಿಡಿದರೆ ಅಂಕಿಗಳ ನೆರಳು ಕಾಣುತ್ತಿತ್ತು. ಆಫೀಸಿನ ತಪಾಸಣೆಗೆ ಇನ್ನು ಹನ್ನೆರಡು ದಿನ. ಯಾರು ಇದನ್ನು ಹೀಗೆ ಮಾಡಿದ್ದು ಎಂದು ರೇಗಿದೆ. ಗಂಗೆ ದಿನಾ ತಿಕ್ಕುವುದನ್ನು ಹೇಳಿದ. ಅವಳಿಗೆ ಬುದ್ಧಿ ಇಲ್ಲ ಸರಿ, ನಿನಗೂ ಇಲ್ಲವಾ ಎಂದು ಕೇಳಿದೆ. ಹನ್ನೆರಡು ದಿನ ಬಾನೆಟ್ಟಿಗೆ ಬೀಗ ಹಾಕು, ಗಾಳಿಯೂ ತಾಗಬಾರದು ಎಂದು ತಾಕೀತು ಮಾಡಿ ಕಳಿಸಿದೆ. ತಲೆಯಾಡಿಸಿ ಹೋದ.

ತಪಾಸಣೆಯ ದಿನ ಸುಜಯ ಬಾನೆಟ್ ಎತ್ತಿದವನು ಹಾಗೇ ನನ್ನನ್ನು ಕರೆದ. ನೆರಳೂ ಇರಲಿಲ್ಲ. ನುಣ್ಣನೆಯ ತಗಡು. ಎಂತ ಮಾಡಿಕೊಂಡೆ ಕೆರಿಯಣ್ಣ ಎಂದು ಕೂಗಿದೆ. ಅವನು ತಲೆ ತಗ್ಗಿಸಿ ನಿಂತು ಹೇಳಿದ:

"ನಾಕು ದಿವ್ಸ ಬೀಗ ಹಾಕಿಟ್ಟೆ ಅಮ್ಮ. ಬೂದಿ ಮುಷ್ಟಿಲಿ ಹಿಡ್ಕಂಡು ಕಾರಿನ ಮುಂದೇ ನಿಂತಿರ್ತಿದ್ಲು. ಉಣ್ಣಲಿಲ್ಲ, ಕೂರಲಿಲ್ಲ. ಐದನೇ ದಿವ್ಸ ಆ ಕೈ ನೋಡೂಕಾಗ್ಲಿಲ್ಲ. ಬೀಗ ತೆಗ್ದುಬಿಟ್ಟೆ."

ನಾನು ಬಾನೆಟ್ ಇಳಿಸಿ, ಅರ್ಜಿಯ ಫೈಲು ಎತ್ತಿ ಸುಜಯನ ಕೈಗೆ ಕೊಟ್ಟೆ.

ಆಫೀಸಿನ ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಕನ್ನಡಕ ಒರೆಸಿ ಮೂರು ಸಲ ನೋಡಿದರು. ಕದ್ದ ಗಾಡಿಗಳಲ್ಲೇ ನಂಬರು ಹೀಗೆ ತಿಕ್ಕಿ ತೆಗೆದಿರುತ್ತಾರೆ, ಹಾಗಾಗಿ ಕಾನೂನು ಬಿಗಿ ಎಂದು ವಿವರಿಸಿದರು. ದಾರಿ ಇಲ್ಲದೇ ಇಲ್ಲ. ತುಕ್ಕು ಹಿಡಿದು ಹೋಯಿತೆಂದು ಬರೆದುಕೊಟ್ಟರೆ, ಪರೀಕ್ಷೆಗೆ ಕಳಿಸಿ, ಅನುಮತಿ ತೆಗೆದು, ಹೊಸದಾಗಿ ನಂಬರು ಹೊಡೆಸಬಹುದು ಎಂದರು. ಕೆರಿಯಣ್ಣ ಪೆನ್ನು ಕೆಳಗಿಟ್ಟ. ತುಕ್ಕಲ್ಲ ಸಾರ್, ತಿಕ್ಕಿ ಹೋದದ್ದು ಎಂದ. ಯಾರು ತಿಕ್ಕಿದ್ದು ಎಂದು ಅವರು ಕೇಳಲೇಬೇಕಾಯಿತು.

"ನಾನೇ," ಅಂದ ಕೆರಿಯಣ್ಣ.

ಕಾಗದದ ಮೇಲೆ ಸುಳ್ಳು ಬರೆಯಬಾರದೆಂದು ತುಕ್ಕು ಎನ್ನಲಿಲ್ಲ, ಹೆಂಡತಿಯ ಹೆಸರು ಸರ್ಕಾರಿ ಫೈಲಿಗೆ ಹೋಗಬಾರದೆಂದು ತನ್ನ ಹೆಸರು ಹೇಳಿದ. ನಲವತ್ತು ವರ್ಷ ಒಂದು ದಂಡವನ್ನೂ ಕಟ್ಟದ ಮನುಷ್ಯ ತಾನೇ ನಂಬರು ಅಳಿಸಿದೆನೆಂದು ರುಜು ಹಾಕಿದ. ಮಾಲೀಕನೇ ಅಳಿಸಿದ್ದೆಂದ ಮೇಲೆ ಪೊಲೀಸು ವಿಚಾರಣೆ ಆಗದೆ ಫೈಲು ಮುಂದೆ ಹೋಗುವ ಹಾಗಿರಲಿಲ್ಲ. ಫೆಬ್ರವರಿಗೆ ನೋಂದಣಿ ಮುಗಿಯಿತು. ಕಾರು ಹೆಬ್ಬಳಕೇರಿಯ ಅಂಗಳದಲ್ಲಿ ನಿಂತಿತು.

ಬುಧವಾರ ಬಂದರೆ ಗಂಗೆ ಗಂಟು ಕಟ್ಟಿಕೊಂಡು ಕೂರುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೊರಟರೆ ಶಿರಸಿ ಬಸ್‌ಸ್ಟ್ಯಾಂಡಿನ ನೆಲದ ಮೇಲೆ ಕೂತು, ಇವನು ಯಾರೋ ನನ್ನನ್ನು ಎಲ್ಲಿಗೋ ಒಯ್ಯುತ್ತಿದ್ದಾನೆ ಎಂದು ಅತ್ತಳು, ಜನ ಸೇರಿದರು. ಸುಜಯ ಡ್ರೈವಿಂಗ್ ಸ್ಕೂಲಿನ ಕಾರು ಒಯ್ದ. ಅವಳು ಅದರ ಬಾನೆಟ್ ಎತ್ತಿಸಿ ನೋಡಿ, ಇದು ನಮ್ಮದಲ್ಲ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಹಳೆಯ ಕಾರನ್ನು ಗುಜರಿಗೆ ಕೊಟ್ಟುಬಿಡು ಅಪ್ಪ ಎಂದು ಮಮತಾ ಹೇಳಿದಳು. ಕೆರಿಯಣ್ಣ ಮಾತ್ರ ತಿಂಗಳಿಗೊಮ್ಮೆ ನನ್ನ ಡಬ್ಬಿಯ ಎದುರು ಬಂದು ನಿಲ್ಲುತ್ತಿದ್ದ. ಫೈಲು ಇನ್ನೂ ಬಂದಿಲ್ಲ ಎಂದು ನಾನೇ ಹೇಳುತ್ತಿದ್ದೆ.

ದೀಪಾವಳಿ ಕಳೆದ ಮಾರನೆಯ ವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವನ ಫೋನು ಬಂತು. ವೆಂಕಮ್ಮನ ಮಗ ಕರೆ ಮಾಡಿದ್ದ. ಎರಡು ದಿನದಿಂದ ನೀರೂ ಇಳಿಯುತ್ತಿಲ್ಲ, ಬಾಯಲ್ಲಿ ತಂಗಿಯ ಹೆಸರೊಂದೇ. ಎಂತ ಮಾಡ್ಲಿ ಅಮ್ಮ ಎಂದು ಕೆರಿಯಣ್ಣ ಕೇಳಿದ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಕಾರು ತೆಗೆದು ಹೊರಡು ಕೆರಿಯಣ್ಣ. ಯಾರಾದ್ರೂ ಹಿಡಿದ್ರೆ ನಂಗೆ ಫೋನ್ ಮಾಡು."

ಮಧ್ಯಾಹ್ನದವರೆಗೂ ರಸ್ತೆಯ ಮೇಲೇ ಕಣ್ಣಿಟ್ಟು ಕೂತೆ. ಹಾರ್ನ್ ಕೇಳಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ವೆಂಕಮ್ಮನ ಹನ್ನೆರಡನೆಯ ದಿನದ ಕಾರ್ಯ ಮುಗಿಸಿಕೊಂಡು ಅವನು ಬಂದ. ಅರ್ಜಿ ವಾಪಸ್ ತೆಗೆದುಕೊಳ್ಳಬೇಕು ಎಂದ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಆ ದಿನ ನಡೆದದ್ದನ್ನು ಆಗ ಹೇಳಿದ. ಗಂಗೆಯನ್ನು ಕೂರಿಸಿಕೊಂಡು ಹೊರಟದ್ದು ನಿಜ. ಎರಡು ಮೈಲಿ ಬಂದು ಡಾಂಬರು ರಸ್ತೆ ಸೇರುವಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎದುರಿಗೆ ಒಬ್ಬ ಸೈಕಲ್ ತುಳಿದುಕೊಂಡು ಹಾದುಹೋದ, ಸುಮ್ಮನೆ ಹೋದ. ಕೆರಿಯಣ್ಣ ಎಂಜಿನ್ ಆರಿಸಿದ. ನೋಂದಣಿ ಇಲ್ಲ, ವಿಮೆ ಇಲ್ಲ, ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಅರವತ್ತೈದರ ಕಣ್ಣು. ಎಲೆಅಡಿಕೆಯ ಒಂದು ಕವಳ ಹಾಕಿ ಉಗುಳುವಷ್ಟು ಹೊತ್ತು ಅಲ್ಲೇ ನಿಂತಿದ್ದನಂತೆ. ಗಂಗೆ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. ಆಮೇಲೆ ಗಾಡಿ ತಿರುಗಿಸಿದ.

"ಅಂಗಳದಗೆ ಇಳಿದ್ಲು ಅಮ್ಮ. ಗಂಟು ಬಿಚ್ಚಿ ಸೀರೆ ಗಳದ ಮ್ಯಾಲೆ ಹಾಕಿದ್ಲು. ‘ಅಕ್ಕ ಸೊರಗಿದ್ಲು, ಆದ್ರೂ ನನ್ನ ಗುರ್ತ ಹಿಡಿದ್ಲು ಅಲಾ’ ಅಂದ್ಲು. ನಾನು ಹೌದು ಅಂದೆ. ಸಂಜಿಗೆ ಫೋನ್ ಬಂತು, ಹೋದ್ಲು ಅಂತ."

ಇಷ್ಟು ಹೇಳಿ ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಕ್ಕ ಸತ್ತದ್ದನ್ನು ಗಂಗೆಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದ. ಆ ಕಾಲಿಲ್ಲದ ಮನುಷ್ಯನಿಗೆ ಕೊಟ್ಟ ಮಾತು ಉಳಿಸಿಕೊಂಡೆ, ಒಬ್ಬಳು ಸಾಯುವವಳ ಆಸೆ ಉಳಿಸಲಿಲ್ಲ, ಯಾವುದು ಪಾಪವೋ ನೀವೇ ಹೇಳಿ ಎಂದು ನನ್ನನ್ನು ಕೇಳಿದ. ನಾನು ಅರ್ಜಿ ವಾಪಸಿನ ಕಾಗದ ಬರೆದು ಅವನ ಮುಂದಿಟ್ಟೆ.

ಮುಂದಿನ ಭಾನುವಾರ ಡಬ್ಬಿಗೆ ಬೀಗ ಹಾಕಿ ಸುಜಯನ ಸ್ಕೂಟರಿನಲ್ಲಿ ಹೆಬ್ಬಳಕೇರಿಗೆ ಹೋದೆ. ಯಾಕೆ ಹೋದೆನೆಂದರೆ, ಸುಮ್ಮನೆ ಕೂರಲಾಗಲಿಲ್ಲ. ಕಾರು ಅಂಗಳದ ಹಲಸಿನ ಮರದ ಕೆಳಗಿತ್ತು, ಬಾನೆಟ್ ಎತ್ತಿತ್ತು. ಗಂಗೆ ಬಗ್ಗಿ ತಿಕ್ಕುತ್ತಿದ್ದಳು. ಬೂದಿಯ ಕರಟ ಬ್ಯಾಟರಿಯ ಮೇಲೆ ಕೂತಿತ್ತು. ನನ್ನ ಹೆಜ್ಜೆ ಸದ್ದಿಗೆ ತಿರುಗಿ ನೋಡಿದಳು. ಮಗಳ ಗುರುತು ಸಿಗದವಳು, ಗಂಡನನ್ನು ಡ್ರೈವರ್ ಎನ್ನುವವಳು, ನನ್ನನ್ನು ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ನಿಂತಳು. ನನ್ನ ತೋಳಿನ ಕಡೆ ನೋಡಿದಳು, ಜಿಡ್ಡು ಹತ್ತಿದೆಯೇ ಎಂದು.

"ಶಿರಸಿ ಅಮ್ಮ," ಅಂದಳು. "ದಿನಾ ತಿಕ್ತೆ. ಒಂದು ದಿವ್ಸನೂ ಬಿಡ್ಲಿಲ್ಲ. ಈಗ ಕಾಣ್ತದಾ?"

ಕೆರಿಯಣ್ಣ ಜಗುಲಿಯಿಂದ ಇಳಿದು ಬಂದ. ಅವನ ಮುಖ ನೋಡಿದೆ. ಅವನಿಗೆ ಮೊದಲೇ ಗೊತ್ತಿತ್ತು. ಈ ತಿಕ್ಕುವ ಕೆಲಸ ಎಲ್ಲಿಂದ ಬಂತೆಂದು ಐದು ವರ್ಷದಿಂದ ಅವನಿಗೆ ಗೊತ್ತಿತ್ತು. ಡಬ್ಬಿಯ ಎದುರು ಅಷ್ಟು ಸಲ ಬಂದು ನಿಂತು, ನಾನು ರೇಗಿದಾಗೆಲ್ಲ ತಲೆ ತಗ್ಗಿಸಿದನೇ ಹೊರತು ಒಂದು ಮಾತು ಹೇಳಿರಲಿಲ್ಲ.

ನಾನು ಬಗ್ಗಿ ನೋಡಿದೆ. ತಗಡಿನಲ್ಲಿ ನನ್ನ ಮುಖವೇ ಮಸುಕಾಗಿ ಕಾಣುತ್ತಿತ್ತು. ಕಾಣ್ತದೆ ಗಂಗಕ್ಕ, ಚೆಂದ ಕಾಣ್ತದೆ ಎಂದೆ. ಅಷ್ಟಕ್ಕೆ ಅವಳು ಬಿಡಲಿಲ್ಲ, ಓದಿ ಎಂದಳು. ನಾನು ತಗಡಿನ ಮೇಲೆ ಬೆರಳಿಟ್ಟೆ. ಹಿಂದಿನಿಂದ ಕೆರಿಯಣ್ಣ ಓದತೊಡಗಿದ, ಒಂದೊಂದೇ ಅಂಕಿ, ಒಂದನ್ನೂ ತಪ್ಪದೆ. ಗಂಗೆ ಪ್ರತಿ ಅಂಕಿಗೂ ತಲೆಯಾಡಿಸಿದಳು. ಮುಗಿದ ಮೇಲೆ ಉಳಿದ ಬೂದಿಯನ್ನು ಕರಟಕ್ಕೆ ಹಾಕಿ, ನಾಳೆಗೆ ಬೇಕು ಎಂದು ಅದನ್ನು ಎತ್ತಿಕೊಂಡು ಒಳಗೆ ಹೋದಳು.